ಕುಡಿಯುವವಳ ಜೊತೆಗೆ ಬರುವವರಾರು?

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ‘ಮನೋಚೈತನ್ಯ’ ಚಿಕಿತ್ಸಾಲಯದ ಹೊರಗಿನ ಬೆಂಚನ್ನು ಸ್ವಲ್ಪ ಹೊತ್ತು ಗಮನಿಸಿ. ಕುಡಿತ ಬಿಡಿಸಲೆಂದು ಕರೆತಂದ ಗಂಡಸಿನ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಇದ್ದೇ ಇರುತ್ತಾಳೆ. ಹೆಂಡತಿ, ತಾಯಿ ಇಲ್ಲವೇ ಅಕ್ಕ. ಸರದಿಯಲ್ಲಿ ನಿಂತು ಚೀಟಿ ಮಾಡಿಸಿದವಳು ಅವಳು. ಮುಗಿದ ಗುಳಿಗೆಯ ಖಾಲಿ ಪಟ್ಟಿ, ಹೋದ ಸಲದ ರಕ್ತಪರೀಕ್ಷೆಯ ಕಾಗದ, ಆಧಾರ್ ಕಾರ್ಡಿನ ನಕಲು ಎಲ್ಲವೂ ಅವಳ ಕೈಯಲ್ಲಿರುವ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ. ‘ಎಷ್ಟು ಕುಡೀತೀರಿ?’ ಎಂದು ಡಾಕ್ಟರು ಕೇಳುವುದು ಅವನನ್ನು. ‘ಮುಂಜಾನೆ ಎದ್ದಕೂಡ್ಲೇ ಬೇಕ್ರೀ ಸರ, ಇಲ್ಲಂದ್ರ ಕೈ ನಡಗತಾವು’ ಎಂದು ಉತ್ತರ ಕೊಡುವುದು ಅವಳು.

ಕೈ ನಡುಗುವುದು ಅವಳದೇ ಆಗಿದ್ದರೆ? ಚೀಲ ಹಿಡಿದು ಪಕ್ಕದಲ್ಲಿ ಕೂತ ಗಂಡ ಸಿಗುವುದು ಬಲು ಅಪರೂಪ. ಅವಳು ಆ ಬೆಂಚಿನವರೆಗೆ ಬರುವುದೇ ಇಲ್ಲ. ಆಸ್ಪತ್ರೆಗೆ ಬಂದರೂ ಸಾಮಾನ್ಯ ಹೊರರೋಗಿ ವಿಭಾಗಕ್ಕೆ ಒಬ್ಬಳೇ ಹೋಗಿ, ‘ಹೊಟ್ಟಿ ಉರಿತೈತ್ರೀ, ರಾತ್ರಿ ನಿದ್ದಿ ಹತ್ತೂದಿಲ್ಲ’ ಎಂದು ಹೇಳಿ, ಆ್ಯಸಿಡಿಟಿಯ ಗುಳಿಗೆ ತೆಗೆದುಕೊಂಡು ಹೋಗುತ್ತಾಳೆ. ಹೆಣ್ಣುಮಗಳೊಬ್ಬಳನ್ನು ‘ನೀವು ಕುಡೀತೀರೇನು?’ ಎಂದು ಕೇಳುವುದು ಮರ್ಯಾದೆಯಲ್ಲ ಎಂದು ವೈದ್ಯರಿಗೂ ಅನಿಸುತ್ತದೆ. ರೋಗಿಯ ಮರ್ಯಾದೆ ಉಳಿಸಲು ಹೋಗಿ ರೋಗವನ್ನೇ ಬಿಟ್ಟುಬಿಡುವ ಪದ್ಧತಿ ಇದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಶೇ 16.5ರಷ್ಟು, ಹೆಂಗಸರಲ್ಲಿ ಶೇ 0.9ರಷ್ಟು ಮಂದಿ ಮದ್ಯ ಸೇವಿಸುತ್ತಾರೆ. ಶೇಕಡಾ ಒಂದಕ್ಕೂ ಕಡಿಮೆ ಎಂದ ಕೂಡಲೇ ಕಡತ ಕಪಾಟು ಸೇರುತ್ತದೆ. ರಾಜ್ಯದ ವಯಸ್ಕ ಹೆಂಗಸರ ಸಂಖ್ಯೆಗೆ ಇದನ್ನು ಹಚ್ಚಿ ನೋಡಿದರೆ ಎರಡು ಲಕ್ಷ ದಾಟುತ್ತದೆ. ಅವರೆಲ್ಲರೂ ವ್ಯಸನಿಗಳಲ್ಲ ಎಂಬುದು ನಿಜ. ಆದರೆ ಪಡಸಾಲೆಯಲ್ಲಿ, ಅತ್ತೆಯ ಕಿವಿಗೆ ಬೀಳುವ ದೂರದಲ್ಲಿ ಕೇಳಿದ ಇಂಥ ಪ್ರಶ್ನೆಗೆ ಎಷ್ಟು ಸೊಸೆಯಂದಿರು ‘ಹೌದು’ ಎಂದಾರು? ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆ ಇನ್ನೊಂದು ಲೆಕ್ಕ ಕೊಟ್ಟಿತು. ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೂ ರೀತಿಯ ಚಿಕಿತ್ಸೆ ಸಿಕ್ಕಿದ್ದು 38ರಲ್ಲಿ ಒಬ್ಬರಿಗೆ. ಆಸ್ಪತ್ರೆಗೆ ದಾಖಲಾದದ್ದು 180ರಲ್ಲಿ ಒಬ್ಬರು. ಇದು ಗಂಡು ಹೆಣ್ಣು ಇಬ್ಬರನ್ನೂ ಕೂಡಿಸಿದ ಲೆಕ್ಕ. ಅಂತರರಾಷ್ಟ್ರೀಯ ಮಾದಕವಸ್ತು ನಿಯಂತ್ರಣ ಮಂಡಳಿಯ 2016ರ ವರದಿ, ಜಗತ್ತಿನಲ್ಲಿ ಮಾದಕವಸ್ತು ಬಳಸುವವರಲ್ಲಿ ಮೂರನೇ ಒಂದು ಪಾಲು ಹೆಂಗಸರಾದರೂ ಚಿಕಿತ್ಸೆ ಪಡೆಯುವವರಲ್ಲಿ ಅವರ ಪಾಲು ಐದನೇ ಒಂದು ಮಾತ್ರ ಎಂದಿತ್ತು. ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕ ಸೀಮೆಯ ಆಸ್ಪತ್ರೆ ಬೆಂಚು ಆ ಪ್ರಮಾಣಕ್ಕೂ ನಿಲುಕದು.

ಈ ಸೀಮೆಗೆ ದುಡಿಮೆ ಹೊಸದಲ್ಲ. ಘಟಪ್ರಭೆ 171 ಅಡಿ ಕೆಳಗೆ ಧುಮುಕುವ ಕಡೆ 1885ರಲ್ಲಿ ನೂಲಿನ ಗಿರಣಿ ಎದ್ದಿತು. ಎರಡೇ ವರ್ಷಕ್ಕೆ ಜಲಪಾತದ ನೀರಿನಿಂದಲೇ ವಿದ್ಯುತ್ತೂ ಬಂತು. ಭಾನುವಾರ ತೂಗುಸೇತುವೆಯ ಮೇಲೆ ಸೆಲ್ಫಿಗೆ ನಿಲ್ಲುವವರಿಗೆ ಬೆನ್ನ ಹಿಂದಿನ ಗಿರಣಿ, ಅದರ ಚಾಳು, ಪಾಳಿ ಮುಗಿಸಿ ಬರುವ ಮಂದಿ ಕಣ್ಣಿಗೆ ಬೀಳುವುದು ಕಡಿಮೆ. ಹೊಳೆಯ ಎರಡೂ ದಂಡೆಗೆ ಕಬ್ಬು. ಕಾರ್ಖಾನೆಗಳ ಹಂಗಾಮು ಶುರುವಾದರೆ ಹೆಣ್ಣಾಳಿಗೆ ನಸುಕಿನಲ್ಲೇ ಗದ್ದೆ, ತಲೆಯ ಮೇಲೆ ಕಬ್ಬಿನ ಹೊರೆ, ಟ್ರ್ಯಾಕ್ಟರ್ ಟ್ರಾಲಿಗೆ ಹಾಕಿದ ಹಲಗೆ ಹತ್ತಿ ಇಳಿಯುವುದು. ಸಂಜೆಗೆ ಮೈಕೈ ಹಿಡಿದುಕೊಂಡಾಗ ಗಂಡ ತಂದ ಮದ್ಯದ ಪಾಕೀಟಿನಲ್ಲಿ ಒಂದಿಷ್ಟು ಅವಳಿಗೂ ಸಿಗುತ್ತದೆ. ‘ಔಷಧ ಅಂತ ತಗೋ’ ಎಂದು ಕೊಡುವವನೂ ಅವನೇ, ಮುಂದೊಂದು ದಿನ ‘ಕುಡಕಿ’ ಎಂದು ಬಡಿಯುವವನೂ ಅವನೇ. ಹೆಣ್ಣಿನ ಕುಡಿತದ ಹಿಂದೆ ಕುಡಿಯುವ ಗಂಡನಿರುವುದನ್ನು ಈ ಕ್ಷೇತ್ರದ ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ಪಾಕೀಟು ಮುಟ್ಟದವರಿಗೆ ಔಷಧ ಅಂಗಡಿಯಿದೆ. ನೋವಿನ ಗುಳಿಗೆಯೋ ನಿದ್ದೆಯ ಗುಳಿಗೆಯೋ ವೈದ್ಯರ ಚೀಟಿಯಿಲ್ಲದೆ ಬಿಡಿಬಿಡಿಯಾಗಿ ಕೈಸೇರುವ ಕಡೆ, ಅಲ್ಪ್ರಜೋಲಾಂ ಎಂಬ ಹೆಸರು ಓದಲು ಬಾರದವಳೂ ಅದರ ಬಣ್ಣ ಹೇಳಿ ಕೇಳುತ್ತಾಳೆ. ಬಾಯಿಗೆ ವಾಸನೆ ಬರದ ಈ ವ್ಯಸನ ಮನೆಯವರ ಗಮನಕ್ಕೆ ಬರಲು ವರ್ಷಗಳೇ ಬೇಕು.

ಯಾರ ಗಮನಕ್ಕೂ ಬೀಳದ, ಬಿದ್ದರೂ ವ್ಯಸನ ಅನಿಸಿಕೊಳ್ಳದ ಇನ್ನೊಂದಿದೆ. ತಂಬಾಕು. ಅದೇ ಕುಟುಂಬ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಶೇ 8.5ರಷ್ಟು ಮಂದಿ ತಂಬಾಕು ಬಳಸುತ್ತಾರೆ. ಮದ್ಯದ ಒಂಬತ್ತು ಪಟ್ಟು! ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ನಿಪ್ಪಾಣಿ, ಬೀಡಿ ತಂಬಾಕಿನ ದೊಡ್ಡ ಪೇಟೆ. ಅಲ್ಲಿಯ ವಖಾರಿಗಳಲ್ಲಿ ತಂಬಾಕಿನ ಧೂಳು ಕುಡಿಯುತ್ತ ದುಡಿದ ಹೆಂಗಸರು ಸಂಘ ಕಟ್ಟಿದ ಕಥೆಯನ್ನು ಛಾಯಾ ದಾತಾರ್ ಒಂದು ಇಡೀ ಪುಸ್ತಕವಾಗಿ ಬರೆದಿದ್ದಾರೆ. ಸುತ್ತಲ ಹಳ್ಳಿಗಳಲ್ಲಿ ನಸುಕಿಗೆ ಎದ್ದ ಅಜ್ಜಿ ಹೆಂಚಿನ ಮೇಲೆ ತಂಬಾಕಿನ ಎಲೆ ಕಪ್ಪಗೆ ಹುರಿದು, ಪುಡಿ ಮಾಡಿ, ತೋರುಬೆರಳಿಗೆ ಹಚ್ಚಿಕೊಂಡು ಹಲ್ಲಿಗೆ ತಿಕ್ಕುತ್ತಾಳೆ. ಕಟ್ಟೆಯ ಮೇಲೆ ಕೂತು, ಉಗುಳುತ್ತ, ಯಾರೊಡನೆಯೂ ಮಾತಾಡದ ಆ ಸಮಯವೇ ಅವಳ ಇಡೀ ದಿನದ ಬಿಡುವು. ಆ ಪುಡಿ ಸೊಸೆಗೆ ದಾಟುವುದು ಹಲ್ಲುನೋವಿನ ನೆವದಲ್ಲಿ. ಬಸುರಿಗೆ ದಾಟುವುದು ಹೊಟ್ಟೆ ತೊಳಸುತ್ತದೆ ಎಂಬ ನೆವದಲ್ಲಿ. ಆ ಮನೆಯಲ್ಲಿ ಕಡಿಮೆ ತೂಕದ ಕೂಸು ಹುಟ್ಟಿದರೆ ಯಾರೂ ಅಜ್ಜಿಯ ಡಬ್ಬಿಯತ್ತ ನೋಡುವುದಿಲ್ಲ. ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲೇ ನಿಷೇಧಿಸಿತು. ಹೆಂಚಿನ ಮೇಲೆ ಹುರಿದದ್ದಕ್ಕೆ ಯಾವ ನಿಷೇಧ ತಾಗೀತು? ಬಿಡಲು ಮನಸ್ಸು ಮಾಡಿದವಳಿಗೆ ಮೊದಲ ವಾರ ತಲೆನೋವು, ಸಿಟ್ಟು, ಹೊಟ್ಟೆ ಕಟ್ಟುವುದು ಇದ್ದದ್ದೇ ಎಂದು ಮೊದಲೇ ಹೇಳುವವರು ಬೇಕು. 1800-11-2356 ಎಂಬ ತಂಬಾಕು ಬಿಡಿಸುವ ಉಚಿತ ಸಹಾಯವಾಣಿ ಇರುವುದು ಅದಕ್ಕೇ. ಅದು ಸಿಗರೇಟು ಸೇದುವ ಗಂಡಸರಿಗಷ್ಟೇ ಅಂದುಕೊಂಡವರು ಹೆಚ್ಚು.

ಮದ್ಯದ ವಿಷಯದಲ್ಲಿ ಹೆಣ್ಣಿನ ಮೈ ಬೇರೆಯೇ ಲೆಕ್ಕ ಇಡುತ್ತದೆ. ಅವಳ ಮೈಯಲ್ಲಿ ನೀರಿನಂಶ ಕಡಿಮೆ, ಹೊಟ್ಟೆಯಲ್ಲೇ ಮದ್ಯವನ್ನು ಒಡೆಯುವ ಕಿಣ್ವವೂ ಕಡಿಮೆ. ಹೀಗಾಗಿ ಗಂಡಹೆಂಡತಿ ಸಮನಾಗಿ ಕುಡಿದರೂ ಅವಳ ರಕ್ತಕ್ಕೆ ಹೆಚ್ಚು ಏರುತ್ತದೆ. ಗಂಡಸಿಗಿಂತ ತಡವಾಗಿ ಕುಡಿಯಲು ಶುರುಮಾಡಿದವಳು ಅವನಿಗಿಂತ ಬೇಗ ದಾಸಿಯಾಗುತ್ತಾಳೆ, ಅವಳ ಪಿತ್ತಜನಕಾಂಗವೂ ಬೇಗ ಕೆಡುತ್ತದೆ. ಇನ್ನು ಬಿಡಿಸುವ ಹೊತ್ತು ಬಂದಾಗ ನಮ್ಮ ಮನೆಗಳು ಮಾಡುವುದು ಎರಡು ಕೆಲಸ. ಒಂದು, ಕೋಣೆಯಲ್ಲಿ ಕೂಡಿಹಾಕುವುದು. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನ ನಡುಕ, ಬೆವರು. ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ಮೂರನೇ ದಿನಕ್ಕೆ ಇಲ್ಲದ್ದು ಕಂಡು, ಇಲ್ಲದ್ದು ಕೇಳಿ, ತಾನೆಲ್ಲಿದ್ದೇನೆ ಎಂಬ ಅರಿವೂ ತಪ್ಪಬಹುದು. ಆಸ್ಪತ್ರೆಯಲ್ಲಾದರೆ ಇದನ್ನು ತಡೆಯಲು ಗುಳಿಗೆಯಿದೆ, ಥಯಮಿನ್ ಚುಚ್ಚುಮದ್ದಿದೆ. ಕೋಣೆಯಲ್ಲಿ ಚಿಲಕ ಮಾತ್ರ ಇರುತ್ತದೆ. ‘ದೆವ್ವ ಬಡದೈತಿ’ ಎಂದು ಗುಡಿಗೆ ಒಯ್ದವರಲ್ಲಿ ಎಷ್ಟೋ ಮಂದಿಗೆ ಬಡಿದದ್ದು ಇದೇ. ಎರಡನೆಯದು, ಗೋಡೆ ಬರಹ ನೋಡಿ, ‘ಅವರಿಗೆ ಗೊತ್ತಾಗದಂತೆ’ ಊಟದಲ್ಲಿ ಬೆರೆಸುವ ಪುಡಿ ತರುವುದು. ಅಂಥವುಗಳಲ್ಲಿ ಡೈಸಲ್ಫಿರಾಂ ಇದ್ದು, ಅದರ ಮೇಲೆ ಅವಳು ಕುಡಿದರೆ ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ವೈದ್ಯರು ಅದನ್ನು ಕೊಡುವುದು ರೋಗಿಗೆ ಎಲ್ಲ ತಿಳಿಸಿ, ಒಪ್ಪಿಗೆ ಪಡೆದ ಮೇಲೆ.

ಕುಡಿತದ ವಿರುದ್ಧ ನಮ್ಮ ನಾಡು ಸುಮ್ಮನೆ ಕೂತಿಲ್ಲ. 1930ರಲ್ಲಿ ಗಾಂಧೀಜಿ ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ಮಾಡುವ ಕೆಲಸವನ್ನು ಹೆಂಗಸರಿಗೇ ವಹಿಸಿದರು. ನಾ. ಸು. ಹರ್ಡೀಕರರ ಸೇವಾದಳದಲ್ಲಿ ಹೆಣ್ಣುಮಕ್ಕಳ ಪಡೆಗೆ ಉಮಾಬಾಯಿ ಕುಂದಾಪುರ ಮುಂದಾಳಾಗಿದ್ದರು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಹುಟ್ಟುಹಬ್ಬ ಆಗಸ್ಟ್ 1ನ್ನು ಸರ್ಕಾರ ಈಗ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಎಂಟು ದಿನದ ಮದ್ಯವರ್ಜನ ಶಿಬಿರಗಳು ಊರೂರಿನ ಕಲ್ಯಾಣ ಮಂಟಪಗಳಲ್ಲಿ ನಡೆದಿವೆ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಹೋದರು.

ಇದರಲ್ಲಿ ಯಾವುದನ್ನೂ ಹಗುರ ಮಾಡಲಾಗದು. ಆದರೆ ಇಷ್ಟರಲ್ಲೂ ಹೆಣ್ಣು ನಿಂತಿರುವುದು ಅಂಗಡಿಯ ಹೊರಗೆ, ಕುಡಿಯುವವನ ಎದುರಿಗೆ. ಅವಳಿಗೆ ಇರುವುದು ಎರಡೇ ಪಾತ್ರ: ಅಳುವ ಹೆಂಡತಿ, ಘೋಷಣೆ ಕೂಗುವ ಅಕ್ಕ. ಶಿಬಿರದ ಕೊನೆಯಲ್ಲಿ ವೇದಿಕೆಗೆ ಬಂದು ಗಂಡನ ಕೈ ಹಿಡಿದು ಕಣ್ಣೊರೆಸಿಕೊಳ್ಳುವವಳು ಎಲ್ಲರಿಗೂ ಗೊತ್ತು. ಅದೇ ವೇದಿಕೆಯಲ್ಲಿ ಹೆಂಡತಿ ಶಿಬಿರಾರ್ಥಿಯಾಗಿ ಕೂತು, ಗಂಡ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಅವಳನ್ನು ಮನೆಗೆ ಕರೆದೊಯ್ಯುವ ಚಿತ್ರವನ್ನು ಕಲ್ಪಿಸಿಕೊಳ್ಳಿ. ಕಲ್ಪನೆಗೇ ಕಷ್ಟವಾಗುತ್ತದೆ. ಕುಡಿದು ಚರಂಡಿಗೆ ಬಿದ್ದ ಗಂಡಸನ್ನು ಎತ್ತಿ ಮನೆಗೆ ಮುಟ್ಟಿಸುವವರು ಸಿಗುತ್ತಾರೆ. ಅದೇ ಚರಂಡಿಯ ಪಕ್ಕ ಹೆಣ್ಣು ಬಿದ್ದಿದ್ದರೆ ಮೊಬೈಲ್ ತೆಗೆಯುವವರೇ ಹೆಚ್ಚು.

ಆದ್ದರಿಂದ ಹೆಣ್ಣುಮಕ್ಕಳ ವ್ಯಸನ ಚಿಕಿತ್ಸೆಯಲ್ಲಿ ಹಾಸಿಗೆ, ಗುಳಿಗೆಗಿಂತ ಮುಂಚೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಅವಳು ಹದಿನೈದು ದಿನ ಆಸ್ಪತ್ರೆ ಸೇರಿದರೆ ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು? ಕೂಸು ಎಲ್ಲಿ ಮಲಗಬೇಕು? ಹೋದ ಕೂಲಿಯನ್ನು ತುಂಬಿಕೊಡುವವರಾರು? ‘ತವರಿಗೆ ಹೋಗ್ಯಾಳ’ ಎಂದು ಓಣಿಗೆ ಹೇಳಿ ಗುಟ್ಟು ಕಾಯುವವರು ಯಾರು? ಎಲ್ಲಕ್ಕಿಂತ ಮೊದಲು, ಜೊತೆಗೆ ಬಂದು ರಾತ್ರಿ ಉಳಿಯುವವರು ಯಾರು? ಜೊತೆಗಾರರಿಲ್ಲದೆ ಒಳರೋಗಿಯಾಗಿ ಸೇರಿಸಿಕೊಳ್ಳಲು ಆಸ್ಪತ್ರೆಗಳು ಹಿಂದೆಮುಂದೆ ನೋಡುತ್ತವೆ. ಗಂಡಸಿಗೆ ಈ ಜಾಗವನ್ನು ಹೆಂಡತಿ ಕೇಳದೆಯೇ ತುಂಬುತ್ತಾಳೆ. ವಿದೇಶದ ವರದಿಗಳು ‘ಬೆಂಬಲ ಸೇವೆ’ ಎಂದು ಅಧ್ಯಾಯಗಟ್ಟಲೆ ಬರೆಯುವುದನ್ನು ಇಲ್ಲಿ ಹೆಂಡತಿಯೊಬ್ಬಳು ಸಂಬಳವಿಲ್ಲದೆ ಮಾಡುತ್ತಾಳೆ. ಅವಳೇ ಕಾಯಿಲೆ ಬಿದ್ದಾಗ ಆ ಸೇವೆಯೇ ನಿಂತುಹೋಗುತ್ತದೆ.

ಕಾನೂನು ಈ ವಿಷಯದಲ್ಲಿ ನಮ್ಮ ಆಸ್ಪತ್ರೆಗಳಿಗಿಂತ ಮುಂದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕವಸ್ತುಗಳಿಂದಾದ ಮಾನಸಿಕ ತೊಂದರೆಯನ್ನೂ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಅದರ 21ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. 23ನೇ ಸೆಕ್ಷನ್ ಗೋಪ್ಯತೆಯ ಹಕ್ಕು ಕೊಡುತ್ತದೆ. ತನ್ನ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ರೋಗಿಯೇ ನೇಮಿಸಿಕೊಳ್ಳಬಹುದು. ಆ ಪ್ರತಿನಿಧಿ ಗಂಡನೇ ಆಗಬೇಕೆಂದಿಲ್ಲ, ಗೆಳತಿಯೂ ಆಗಬಹುದು. ಈ ಕೊನೆಯ ಅವಕಾಶ ಗೊತ್ತಿದ್ದರೆ ಎಷ್ಟು ಬಾಗಿಲು ತೆರೆದೀತು! ಗೋಕಾಕ, ಮೂಡಲಗಿ, ಹುಕ್ಕೇರಿಯ ಎಷ್ಟು ಆಶಾ ಕಾರ್ಯಕರ್ತೆಯರಿಗೆ ಇದನ್ನು ಹೇಳಿಕೊಟ್ಟಿದ್ದೇವೆ?

ಹೋಗಬೇಕಾದ ಜಾಗಗಳಿವೆ, ದೂರದಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಹೆಂಗಸರಿಗೇ ಮೀಸಲಾದ ವ್ಯವಸ್ಥೆಯಿದೆ. 2021ರಲ್ಲಿ ಸಂಸ್ಥೆಯ ನಿರ್ದೇಶಕಿಯಾದ ಡಾ. ಪ್ರತಿಮಾ ಮೂರ್ತಿ, 2008ರಷ್ಟು ಹಿಂದೆಯೇ ಭಾರತದ ಹೆಂಗಸರು ಮತ್ತು ಮಾದಕವಸ್ತು ಬಳಕೆ ಕುರಿತು ವಿಶ್ವಸಂಸ್ಥೆಗಾಗಿ ವರದಿ ಬರೆದವರು. ಘಟಪ್ರಭಾ ನಿಲ್ದಾಣದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಒಂದು ರಾತ್ರಿಯ ಹಾದಿ. ಹತ್ತಿರದಲ್ಲಿ ಬೆಳಗಾವಿಯ ಬಿಮ್ಸ್ ಆಸ್ಪತ್ರೆ ಇದೆ. ಧಾರವಾಡದಲ್ಲಿ 1845ರಷ್ಟು ಹಳೆಯದಾದ, ಈಗ ಡಿಮ್ಹಾನ್ಸ್ ಎಂದು ಕರೆಯುವ ಮಾನಸಿಕ ಆಸ್ಪತ್ರೆಯಿದೆ. ‘ಧಾರವಾಡಕ್ಕ ಕಳಿಸ್ಯಾರ’ ಎಂದರೆ ಹುಚ್ಚು ಎಂದೇ ನಮ್ಮ ಕಡೆ ಅರ್ಥ, ಆ ಹೆಸರಿನ ಭಾರ ಬೇರೆ. ಹುಕ್ಕೇರಿ, ಸಂಕೇಶ್ವರದವರಿಗೆ ಪುಣೆಯೂ ಬಳಕೆಯ ಊರೇ. ಅಲ್ಲಿ ಡಾ. ಅನಿತಾ ಅವಚಟ್ ಮತ್ತು ಅನಿಲ್ ಅವಚಟ್ ದಂಪತಿ 1986ರಲ್ಲಿ ಆರಂಭಿಸಿದ ‘ಮುಕ್ತಾಂಗಣ’, ಹೆಂಗಸರಿಗಾಗಿ ‘ನಿಶಿಗಂಧ’ ಎಂಬ ವಿಭಾಗವನ್ನು ಬೇರೆಯಾಗಿಯೇ ನಡೆಸುತ್ತದೆ.

2023ರ ಜೂನ್ 11ರಂದು ಜಾರಿಯಾದ, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯನ್ನು ಯಾರೂ ವ್ಯಸನ ಚಿಕಿತ್ಸೆಯ ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿಯಬೇಕು. ಧಾರವಾಡಕ್ಕೋ ಬೆಳಗಾವಿಗೋ ತಿಂಗಳಿಗೊಮ್ಮೆ ಗುಳಿಗೆಗೆ ಹೋಗಿಬರಲು ಈಗ ಅವಳು ಗಂಡನ ಕಿಸೆಯತ್ತ ನೋಡಬೇಕಿಲ್ಲ, ಜೊತೆಗೆ ಬರುವ ಅಕ್ಕನಿಗೂ ಟಿಕೆಟ್ಟಿಲ್ಲ. ಅವಳು ಮನೆಯ ಯಜಮಾನಿಯಾಗಿದ್ದರೆ ಗೃಹಲಕ್ಷ್ಮಿಯ ಎರಡು ಸಾವಿರ ಅವಳದೇ ಖಾತೆಗೆ ಬೀಳುತ್ತದೆ. ‘ಆ ರೊಕ್ಕದಾಗ ಕುಡದರ?’ ಎಂದು ಕೇಳುವವರಿದ್ದಾರೆ. ಪಗಾರದ ದಿನ ಗಿರಣಿಯ ಗಂಡಸನ್ನು ಈ ಪ್ರಶ್ನೆ ಕೇಳಿ ಸಂಬಳ ತಡೆಹಿಡಿದವರು ಯಾರೂ ಇಲ್ಲ.

ಜೊತೆಗೆ ಬರುವ ಅಕ್ಕ ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಅರ್ಧ ಉತ್ತರ ಘಟಪ್ರಭೆಯ ದಂಡೆಯಲ್ಲೇ ಇದೆ. ದೇವದಾಸಿ ಪದ್ಧತಿಯಿಂದ ಹೊರಬಂದ ಹೆಂಗಸರೇ ಕಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಅಂದರೆ ‘ಮಾಸ್’, ಘಟಪ್ರಭಾದ್ದು. ಮೈರಾಡ ಸಂಸ್ಥೆಯ ಪುನರ್ವಸತಿ ಯೋಜನೆಯಿಂದ ಬೆಳೆದು 1997ರಲ್ಲಿ ನೋಂದಣಿಯಾಯಿತು. ಅದರ ನೇತೃತ್ವ ವಹಿಸಿದ ಸೀತವ್ವ ಜೋಡಟ್ಟಿ, ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡವರು, 2018ರಲ್ಲಿ ಪದ್ಮಶ್ರೀ ಪಡೆದರು. ಮಾಸ್ ಹುಟ್ಟಿದ್ದು ಕುಡಿತ ಬಿಡಿಸಲೆಂದಲ್ಲ. ಆದರೆ ಸಮಾಜ ಬೊಟ್ಟು ಮಾಡುವ ಹೆಣ್ಣಿನ ಮನೆಗೆ ಅದೇ ಬೊಟ್ಟಿಗೆ ಗುರಿಯಾಗಿದ್ದ ಇನ್ನೊಬ್ಬ ಹೆಣ್ಣು ಹೋಗಿ, ‘ನಾನೂ ಅಲ್ಲೇ ಇದ್ದೆವ್ವಾ’ ಎಂದು ಕೂತರೆ ಏನಾಗುತ್ತದೆ ಎಂಬುದನ್ನು ಅದು ಮೂರು ಸಾವಿರಕ್ಕೂ ಹೆಚ್ಚು ಸದಸ್ಯೆಯರ ಮೂಲಕ ತೋರಿಸಿದೆ. ಮೂಡಲಗಿಯ ನೆರೆಯ ಮುಧೋಳದಲ್ಲಿ ಲೈಂಗಿಕ ವೃತ್ತಿಯ ಹೆಂಗಸರದೇ ‘ಚೈತನ್ಯ’ ಸಂಘವಿದೆ. ಎಚ್‌ಐವಿ ತಡೆಯಲು ಶುರುವಾದದ್ದು ಮುಂದೆ ಸಂಗಾತಿಗಳ ಹೊಡೆತ ಬಡಿತ ತಡೆಯುವ ಕೆಲಸಕ್ಕೂ ಕೈ ಹಾಕಿತು. ಆಸ್ಪತ್ರೆಗೆ ಜೊತೆಗೆ ಹೋಗುವುದು, ಗುಟ್ಟು ಉಳಿಸುವುದು, ಗುಳಿಗೆ ತಪ್ಪಿಸಿದವಳನ್ನು ಹುಡುಕಿಕೊಂಡು ಹೋಗುವುದು ಈ ಸಂಘಗಳ ಹೆಣ್ಣುಮಕ್ಕಳಿಗೆ ಕರತಲಾಮಲಕ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಹಣದಲ್ಲಿ ತಾಲ್ಲೂಕಿಗೆ ಇಂಥ ನಾಲ್ವರಿಗೆ ಸಂಬಳ ಕೊಟ್ಟು, ಮಂಗಳವಾರದ ಬೆಂಚಿನ ಪಕ್ಕ ಕೂರಿಸಿದರೆ ಯಾವ ಹೊಸ ಕಟ್ಟಡವೂ ಬೇಡ.

ಅಮೆರಿಕದ ಜೀನ್ ಕರ್ಕ್‌ಪ್ಯಾಟ್ರಿಕ್ ಎಂಬಾಕೆ 1975ರಲ್ಲಿ ಕುಡಿತ ಬಿಡುವ ಹೆಂಗಸರಿಗೇ ಪ್ರತ್ಯೇಕ ಸಂಘ ಕಟ್ಟಲು ಕಾರಣವಿತ್ತು. ಕುಡಿತ ಬಿಡುವವರಿಗಾಗಿ ಇದ್ದ, ಗಂಡಸರೇ ತುಂಬಿದ ಸಭೆಗಳು ಅಹಂಕಾರ ಬಿಡಿ, ತಲೆಬಾಗಿ ಎನ್ನುತ್ತಿದ್ದವು. ಬದುಕಿಡೀ ತಲೆಬಾಗಿಯೇ ಬಂದವಳಿಗೆ ಬೇಕಾದದ್ದು ತಲೆ ಎತ್ತುವ ಪಾಠ ಎಂದು ಆಕೆಗೆ ಅನಿಸಿತು. ಒಪ್ಪುವ ಮಾತು. ನಮ್ಮ ಊರುಗಳಲ್ಲಿ ಅದಕ್ಕೊಂದು ತೊಡಕಿದೆ. ಸ್ವಸಹಾಯ ಸಂಘದ ವಾರದ ಸಭೆ ಸಾಲದ ಕಂತಿನ ಸಭೆಯೂ ಹೌದು. ಒಬ್ಬಳ ಕಂತು ತಪ್ಪಿದರೆ ಉಳಿದವರು ತುಂಬಬೇಕಾದ ಕಡೆ, ಅವಳು ಕುಡಿಯುತ್ತಾಳೆಂದು ಗೊತ್ತಾದ ದಿನವೇ ಸಂಘದಿಂದ ಹೊರಗೆ. ಹೀಗಾಗಿ ಮಾತಾಡುವ ಸಂಘ, ಸಾಲದ ಸಂಘ ಎರಡನ್ನೂ ಬೇರೆ ಇಡಬೇಕಾಗುತ್ತದೆ. ಚಿಕಿತ್ಸೆ ಮುಗಿಸಿ ಬಂದವಳು ಆರು ತಿಂಗಳಲ್ಲಿ ಮತ್ತೊಮ್ಮೆ ಎಡವುವುದು ಈ ಕಾಯಿಲೆಯಲ್ಲಿ ಸಹಜ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಮತ್ತೆ ಏರಿದರೆ ಔಷಧ ಬದಲಿಸುತ್ತಾರೆ, ಮನೆಯಿಂದ ಹೊರಗೆ ಹಾಕುವುದಿಲ್ಲ.

ಇಂಥ ಸಂಘ, ಇಂಥ ಜೊತೆಗಾರ್ತಿ ಸಿಗುವವರೆಗೆ ಕೈಗೆ ಸಿಗುವುದು ಫೋನು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ವ್ಯಸನಕ್ಕೆಂದೇ ಇರುವುದು 14446. ಮನೆಯಲ್ಲಿ ಹೊಡೆತ ಬಡಿತವಿದ್ದರೆ 181. ಫೋನು ಗಂಡನ ಕೈಯಲ್ಲೇ ಇರುವ ಮನೆಗಳಲ್ಲಿ ಅಂಗನವಾಡಿಯ ಟೀಚರ ಬಾಯಿಯೋ ಆಶಾ ಕಾರ್ಯಕರ್ತೆಯೋ ತಮ್ಮ ಫೋನು ಕೊಟ್ಟು, ಅವಳು ಮಾತಾಡುವಷ್ಟು ಹೊತ್ತು ಹೊರಗೆ ನಿಂತರೂ ಸಾಕು. ಮಾತಿಗೆ ಶುರು ಎಲ್ಲಿಂದ ಎಂದು ತಿಳಿಯದವರು ‘ನಿದ್ದಿ ಬರೂದಿಲ್ರೀ’ ಎಂದೇ ಶುರುಮಾಡಲಿ. ಎಷ್ಟು ದಿನದಿಂದ, ಏನು ತಗೊಳ್ತೀರಿ ಎಂದು ಆ ಕಡೆಯವರು ಕೇಳುತ್ತಾರೆ.